ದೇವರ ಗೂಡಿನಲ್ಲಿ ಮೊಡೆಮ್

ಕಳೆದ ವಾರ ಉಮರ್ಗಾದಿಂದ ನಿಲಂಗಾಕ್ಕೆ ಹೊರಟ ಬಸ್ಸಿನಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಮಾತಿಗೆ ಮಾತ್ರ. ನಾನು ಕೂತರೆ ಒಂದು ಕಾಲು ಕುಣಿಯುತ್ತಿರುತ್ತದೆ, ಬೆರಳುಗಳು ಎದುರಿನ ಸೀಟಿನ ಸರಳಿನ ಮೇಲೆ ತಾಳ ಹಾಕುತ್ತಿರುತ್ತವೆ. ಪಕ್ಕದಲ್ಲಿದ್ದವರು ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ ಕಿಟಕಿ ಬೇಕು ಅಂತಲೋ ಗಾಳಿ ಬೇಕು ಅಂತಲೋ ನೆಪ ಹೇಳಿ ಎದ್ದು ಹೋಗುತ್ತಾರೆ. ಅವತ್ತೂ ಹಾಗೇ ಒಬ್ಬರು ಎದ್ದು ಹೋದರು. ನನಗೆ ಅಭ್ಯಾಸವಾಗಿದೆ, ಬೇಜಾರಿಲ್ಲ.

ಅಷ್ಟರಲ್ಲಿ ಕಂಡಕ್ಟರನ ಮೊಬೈಲು ಸದ್ದು ಮಾಡಿತು. ಅದೇನು ಹಾಡಲ್ಲ, ಗಂಟೆಯೂ ಅಲ್ಲ. ಮೊದಲು ಟುಂಯ್ ಟುಂಯ್ ಎಂದು ನಂಬರು ಒತ್ತಿದ ಸದ್ದು. ಆಮೇಲೆ ಒಂದು ಉದ್ದನೆಯ ಕೀರಲು. ಅದರ ಬೆನ್ನಿಗೇ ಗರಗರ, ಸೊರಸೊರ, ಯಾರೋ ತಗಡಿನ ಡಬ್ಬಿಯಲ್ಲಿ ಮರಳು ಹಾಕಿ ಕುಲುಕಿದ ಹಾಗೆ. ಹಳೆಯ ಡಯಲ್-ಅಪ್ ಮೊಡೆಮಿನ ಕೂಗು! ಯಾವನೋ ಪುಣ್ಯಾತ್ಮ ಅದನ್ನು ತಮಾಷೆಗೆ ರಿಂಗ್‌ಟೋನ್ ಮಾಡಿದ್ದಾನೆ. ನಾನು ತಟ್ಟನೆ ಎದ್ದು ನಿಂತುಬಿಟ್ಟೆ. ನಾನು ಇಳಿಯುವವನೆಂದು ತಿಳಿದ ಕಂಡಕ್ಟರ್ ಗಂಟೆ ಹೊಡೆದ. ಎರಡೂ ಕಡೆ ಸೋಯಾಬೀನ್ ಹೊಲ ಬಿಟ್ಟರೆ ಮತ್ತೇನೂ ಇಲ್ಲದ ಜಾಗದಲ್ಲಿ ಬಸ್ಸು ನಿಂತಿತು. ಇಡೀ ಬಸ್ಸು ನನ್ನ ಮುಖ ನೋಡುತ್ತಿತ್ತು. ನಾನು ಇಳಿಯುವವನಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಚೀಲ ತೆಗೆದುಕೊಂಡು ಇಳಿದೇಬಿಟ್ಟೆ.

ಮುಂದಿನ ಬಸ್ಸು ಬರುವ ತನಕ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಅತ್ತಿಂದಿತ್ತ ಓಡಾಡುತ್ತ ನೆನೆಸಿಕೊಂಡದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ. ನೀವಾದರೂ ಕೂತು ಕೇಳಿ.

ಈಗಿನವರಿಗೆ ಮೊಡೆಮ್ ಅಂದರೆ ಏನೆಂದು ಹೇಳಬೇಕಾಗುತ್ತದೆ. ಇಂಟರ್‌ನೆಟ್ಟು ಗಾಳಿಯ ಹಾಗೆ ತಾನಾಗಿ ಮನೆಯೊಳಗೆ ಬರುವುದಕ್ಕಿಂತ ಮುಂಚೆ, ಅದು ಟೆಲಿಫೋನಿನ ತಂತಿಯಲ್ಲಿ ಬರುತ್ತಿತ್ತು. ಕಂಪ್ಯೂಟರಿಗೆ ಫೋನ್ ಮಾಡಲು ಬರುವುದಿಲ್ಲ. ಅದರ ಪರವಾಗಿ ನಂಬರು ಒತ್ತಿ, ಆ ಕಡೆಯವರ ಜೊತೆ ಕೂಗಾಡಿ, ಬಂದ ಸುದ್ದಿಯನ್ನು ಇತ್ತ ದಾಟಿಸುವ ಮಧ್ಯಸ್ಥನೇ ಮೊಡೆಮ್. ಇಷ್ಟು ತಿಳಿದರೆ ಸಾಕು. ನನಗೂ ಅವತ್ತು ಇಷ್ಟೇ ತಿಳಿದಿತ್ತು. ತಿಳಿಯದ ಉಳಿದದ್ದೇ ನನ್ನ ಒಂದು ಇಡೀ ಆಷಾಢವನ್ನು ತಿಂದುಹಾಕಿತು.

ನಮ್ಮ ಮನೆ ಉಮರ್ಗಾದ ಅಂಚಿನಲ್ಲಿದೆ. ಹೊಲ ಇರುವುದು ದಾಳಿಂಬದಲ್ಲಿ: ಜೋಳ, ತೊಗರಿ, ಈಚೆಗೆ ಸೋಯಾಬೀನ್. ಅಪ್ಪನಿಗೆ ಹೊಲಕ್ಕಿಂತ ಕುರಿಗಳ ಮೇಲೆ ಜೀವ. ನಾವು ಬೀರಪ್ಪನ ಒಕ್ಕಲು. ಶಾಲೆಯಲ್ಲಿ ಓದಿದ್ದು ಮರಾಠಿ, ಮನೆಯಲ್ಲಿ ಆಡುವುದು ಕನ್ನಡ, ಅಪ್ಪ ಔರಾದ ಶಹಾಜನಿಯ ಸಂತೆಯಲ್ಲಿ ಕುರಿ ಚೌಕಾಸಿ ಮಾಡುವುದು ದಖನಿಯಲ್ಲಿ. ಕನ್ನಡದ ಅಕ್ಷರ ಓದಲು ನಾನು ಕಲಿತದ್ದೇ ದೊಡ್ಡವನಾದ ಮೇಲೆ, ಬೀದರದ ಬಸ್ಸುಗಳ ಬೋರ್ಡು ನೋಡಿ ನೋಡಿ. ಹೀಗೆ ಎಲ್ಲ ಭಾಷೆಯಲ್ಲೂ ಬೈಸಿಕೊಳ್ಳುವ ಅಭ್ಯಾಸವಿದ್ದ ನನಗೆ ಇಂಗ್ಲಿಷಿನಲ್ಲಿ ಬೈಸಿಕೊಳ್ಳುವುದೊಂದು ಬಾಕಿ ಇತ್ತು. ಆ ಕೊರತೆಯನ್ನು ಲಿನಕ್ಸ್ ತುಂಬಿಕೊಟ್ಟಿತು.

ಆಗ ಊರಿನ ಎಲ್ಲರ ಕಂಪ್ಯೂಟರಿನಲ್ಲೂ ವಿಂಡೋಸ್ ಇರುತ್ತಿತ್ತು, ಅದೂ ಯಾರದೋ ಸಿ.ಡಿ.ಯಿಂದ ಕದ್ದು ಇಳಿಸಿಕೊಂಡದ್ದು. ನನಗೆ ಒಂದು ಪತ್ರಿಕೆಯ ಜೊತೆ, ವಿಂಡೋಸಿನ ಬದಲಿಗೆ ಯಾರು ಬೇಕಾದರೂ ದುಡ್ಡಿಲ್ಲದೆ ಹಾಕಿಕೊಳ್ಳಬಹುದಾದ ಲಿನಕ್ಸಿನ ಸಿ.ಡಿ. ಸಿಕ್ಕಿತ್ತು. ಹಾಕಿದೆ, ನಡೆಯಿತು. ನಡೆದ ಮೇಲೆ ತಲೆಗೇರಿತು. ಉದಗೀರಕ್ಕೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ, ತೂಕದ ಕಲ್ಲು ಪರೀಕ್ಷೆ ಮಾಡುವ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಏನು ಕೆಲಸ ಎಂದು ಕೇಳಿದರು. ಕಂಪ್ಯೂಟರ್ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಲಿನಕ್ಸ್ ಬಳಸುತ್ತೇನೆ, ಕಳವಿನ ಸಾಮಾನು ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದೂ ಸೇರಿಸಿದೆ. ಜೀವಮಾನವೆಲ್ಲ ಕಳ್ಳ ತೂಕ ಹಿಡಿದ ಮನುಷ್ಯ ಕುರ್ಚಿಯಲ್ಲಿ ನೆಟ್ಟಗಾದರು. ಹೆಣ್ಣು ಗೊತ್ತಾದದ್ದು ಆ ಮಾತಿನಿಂದಲೇ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಆ ಮಾತೇ ಮುಂದೆ ನನ್ನ ಕಾಲಿಗೆ ತೊಡರಿಕೊಂಡದ್ದು ಬೇರೆ ಸಂಗತಿ.

ಹುಡುಗಿಯ ಹೆಸರು ಸವಿತಾ. ಉದಗೀರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಮದುವೆಯಾಗಿ ಉಮರ್ಗಾಕ್ಕೆ ಬಂದ ಮೇಲೆ, ಮನೆಯ ಮುಂದಿನ ಕೋಣೆಯಲ್ಲಿ ಹುಡುಗಿಯರಿಗಾಗಿ ತಾನೇ ಒಂದು ಕ್ಲಾಸು ತೆರೆಯಬೇಕೆಂದು ಅವಳ ಆಸೆ. ಕಂಪ್ಯೂಟರ್ ಹೇಗೂ ಇದೆ, ಇಂಟರ್‌ನೆಟ್ ಬಂದರೆ ಆಯಿತು. ಒಂದು ಸಂಜೆ ಎಲ್ಲರ ಮುಂದೆ ಈ ಮಾತು ತೆಗೆದಳು. ನಾನು ಹೂಂ ಹೂಂ ಎಂದೆ, ಮೂರು ಸಲ ಎದ್ದು ಕೂತೆ. ಅಪ್ಪ ಕುರಿಗಳಿಗೆ ಸೊಪ್ಪು ತಪ್ಪಲು ಹಾಕಲು ಹೊರಗೆ ಹೋದ. ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ, ಒಂದು ಮಾತೂ ಆಡಲಿಲ್ಲ.

ನಮ್ಮ ಮನೆಯಲ್ಲಿ ಇದೇನು ಹೊಸದಲ್ಲ. ಕುರಿಯ ಹಿಂದೆ ದಿನವೆಲ್ಲ ಒಬ್ಬರೇ ತಿರುಗುವ ಜನ, ಮಾತು ಕಮ್ಮಿ. ಬೇಡವಾದರೆ ಬೇಡ ಅನ್ನುತ್ತಾರೆ, ಬೇಕಾದರೆ ಸುಮ್ಮನಿರುತ್ತಾರೆ. ಸವಿತಾಳ ತವರಿನಲ್ಲಿ ಹಾಗಲ್ಲ. ಅಲ್ಲಿ ಎಲ್ಲವನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಇಷ್ಟಕ್ಕೆ ಇಷ್ಟು ಎಂದು ಬಾಯಿಬಿಟ್ಟು ಹೇಳುತ್ತಾರೆ. ಅವ್ವ ಸುಮ್ಮನಿದ್ದದ್ದು ಅವಳ ಕಿವಿಗೆ ಬೇಡ ಎಂದೇ ಕೇಳಿಸಿತು. ಮೇಲಾಗಿ ನಾನು ಲಾತೂರಿನಿಂದ ತಂದು ಕಂಪ್ಯೂಟರಿನೊಳಗೆ ಕೂರಿಸಿದ್ದ ಮೊಡೆಮ್ ಕಾರ್ಡನ್ನು ಲಿನಕ್ಸ್ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರಬಾರದು. ಅಳಿಯ ಅತ್ತೆಯ ಮನೆಯ ಹೊಸ್ತಿಲು ತುಳಿಯಬಾರದು. ಮುಂದೆ ಶ್ರಾವಣದಲ್ಲಿ ನಾಗರ ಪಂಚಮಿ ಬರುತ್ತದೆ. ಅದು ಹೆಣ್ಣುಮಕ್ಕಳಿಗೆ ತವರಿನ ಹಬ್ಬ, ಜೋಕಾಲಿಯ ಹಬ್ಬ. ಅದನ್ನು ಬಿಟ್ಟು ಯಾವ ಮಗಳೂ ತವರಿನಿಂದ ಹೊರಡುವುದಿಲ್ಲ. ಅಂದರೆ ಒಂದು ತಿಂಗಳಿಗೂ ಮಿಕ್ಕಿದ ಅಗಲಿಕೆ. ಹೊರಡುವ ದಿನ ಚೀಲ ಕಟ್ಟಿಕೊಂಡು ಕಂಪ್ಯೂಟರಿನ ಮೇಜಿನ ಹತ್ತಿರ ಬಂದು ನಿಂತಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಮುಗಿಸುತ್ತಿದ್ದೆ.

“ನಿಮ್ಮ ಮನ್ಯಾಗ ಯಾರೂ ಬ್ಯಾಡಂತನೂ ಅನ್ನಲ್ಲ, ಬೇಕಂತನೂ ಅನ್ನಲ್ಲ. ನಾ ಹ್ಯಾಂಗ ತಿಳ್ಕೋಬೇಕು ಹೇಳ್ರಿ. ಈ ಮನಿಯಿಂದ, ಈ ಮಶೀನಿನಿಂದ ನನಗ ಒಂದು ಮೇಲ್ ಬರ್ಲಿ. ಬಂದ್ರ ಪಂಚಮಿ ಮುಗಿಸ್ಕೊಂಡು ಬರ್ತೀನಿ. ಬರ್ಲಿಲ್ಲಂದ್ರ ಉದಗೀರದಾಗೇ ಕ್ಲಾಸಿಗಿ ಹೋಗ್ತೀನಿ. ಆಮ್ಯಾಲ ನೋಡಮು.”

‘ಆಮೇಲೆ ನೋಡೋಣ’ ಅಂದರೆ ಏನರ್ಥ? ಎಷ್ಟು ದಿನ ಆಮೇಲೆ? ಯಾರು ನೋಡುವುದು? ಬಸ್ಸು ಹೋದ ಮೇಲೂ ನಾನು ನಿಲ್ದಾಣದಲ್ಲಿ ಅದನ್ನೇ ತಿರುವಿ ಹಾಕುತ್ತ ನಿಂತಿದ್ದೆ. ನನಗೆ ಅವಳು ಬೇಕಾಗಿದ್ದಳು. ಮದುವೆಯಾಗಿ ಕೆಲವು ತಿಂಗಳಷ್ಟೇ ಆಗಿದ್ದರೂ, ಅವಳಿಲ್ಲದ ಮನೆ ನನಗೆ ಒಗ್ಗುವುದಿಲ್ಲವೆಂದು ಅವತ್ತೇ ಗೊತ್ತಾಗಿತ್ತು.

ಊರಿನಲ್ಲಿ ಒಂದು ಸೈಬರ್ ಕೆಫೆ ಇತ್ತು. ಅಲ್ಲಿಂದ ಮೇಲ್ ಕಳಿಸುವುದು ಸುಲಭ, ಆದರೆ ಷರತ್ತು ಅದಲ್ಲವಲ್ಲ. ಕಳ್ಳ ಸಿ.ಡಿ. ತಂದು ವಿಂಡೋಸ್ ಹಾಕಿದ್ದರೆ ಒಳಗಿನ ಮೊಡೆಮ್ ತಕ್ಷಣ ಎದ್ದು ಕೂರುತ್ತಿತ್ತು, ಆದರೆ ಮಾವನ ಮುಂದೆ ಕೊಚ್ಚಿಕೊಂಡ ಮಾತಿದೆಯಲ್ಲ. ವಿಚಾರಿಸಿದಾಗ ತಿಳಿಯಿತು, ನನ್ನ ಆ ಮೊಡೆಮ್ ಅರ್ಧ ಮೊಡೆಮಂತೆ. ಕೆಲಸವೇನೋ ಅದರದು, ಬುದ್ಧಿ ಮಾತ್ರ ವಿಂಡೋಸಿನೊಳಗೆ ಇರುತ್ತದಂತೆ. ಲಿನಕ್ಸಿಗೆ ಅದು ಹೆಸರು ಕುಲ ಗೊತ್ತಿಲ್ಲದ ಒಂದು ತಗಡು. ಬುದ್ಧಿ ತನ್ನಲ್ಲೇ ಇರುವ, ಹೊರಗೆ ಇಡುವ ಮೊಡೆಮ್ ತರಬೇಕು ಎಂದರು. ಮತ್ತೆ ಲಾತೂರಿಗೆ ಓಡಿದೆ, ತಂದೆ. ಬೂದು ಬಣ್ಣದ ಡಬ್ಬಿ, ಮುಖದ ಮೇಲೆ ಸಾಲಾಗಿ ಕೆಂಪು ದೀಪ, ಬೆನ್ನಿಗೆ ಸಣ್ಣ ಸಣ್ಣ ತೂತುಗಳ ಒಂದು ಬಾಯಿ. ಆ ಬಾಯಿಗೆ ಕೇಬಲ್ಲಿನ ಮುಳ್ಳುಗಳನ್ನು ಕೂರಿಸಿದರೆ ಕಂಪ್ಯೂಟರಿಗೆ ಸಂಬಂಧ ಆಗುತ್ತದೆ.

ಅವ್ವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೋಡಿದಳು. ಇದು ನಡೆದರೆ ಆಕಿ ಬರ್ತಾಳೇನು ಎಂದು ಕೇಳಿದಳು. ಹೂಂ ಎಂದೆ. ಡಬ್ಬಿಯನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು.

ಅದು ಮಳೆಗಾಲ. ಹಿಂದಿನ ವರ್ಷ ನಮ್ಮ ಓಣಿಯಲ್ಲಿ ಸಿಡಿಲು ಬಡಿದು ಯಾರದೋ ಟಿ.ವಿ. ಸುಟ್ಟುಹೋಗಿತ್ತು. ಆವಾಗಿನಿಂದ ನಮ್ಮ ಮನೆಯಲ್ಲಿ ಅವ್ವನ ಕಾನೂನು: ಹೊತ್ತು ಮುಳುಗಿತೆಂದರೆ ಎಲ್ಲ ತಂತಿ ಕಿತ್ತಿಡಬೇಕು. ಟಿ.ವಿ.ಯ ತಂತಿ, ಫೋನಿನ ತಂತಿ, ಈಗ ಮೊಡೆಮಿನದೂ. ಮೊಡೆಮನ್ನು ಮೇಜಿನ ಮೇಲೆ ಬಿಡಲು ಅವಳ ಮನಸ್ಸು ಒಪ್ಪಲಿಲ್ಲ. ಮನೆಯಲ್ಲಿ ಸಿಡಿಲು ಬಾರದ ಜಾಗ ಅವಳ ಪ್ರಕಾರ ಒಂದೇ, ಬೀರಪ್ಪನನ್ನು ಇಟ್ಟಿರುವ ಗೋಡೆಯ ಗೂಡು. ದಿನವೂ ಸಂಜೆ ಮೊಡೆಮ್ ಅಲ್ಲಿಗೆ ಹೋಗಿ ದೇವರ ಮಗ್ಗುಲಲ್ಲಿ ಕೂತುಕೊಳ್ಳುತ್ತಿತ್ತು. ಬೆಳಿಗ್ಗೆ ಪೂಜೆಯಾದ ಮೇಲೆ ನನ್ನ ಕೈಗೆ ಬರುತ್ತಿತ್ತು. ಬೀರಪ್ಪನ ಪೂಜೆಯೆಂದರೆ ಭಂಡಾರ, ಅಂದರೆ ಅರಿಸಿನದ ಪುಡಿ. ನಮ್ಮಲ್ಲಿ ಅದನ್ನು ಚಿಟಿಕೆಯಲ್ಲಿ ಹಾಕುವವರು ಯಾರೂ ಇಲ್ಲ, ಹಿಡಿಯಲ್ಲೇ ಎರಚುವುದು. ನನ್ನ ಬಾಲ್ಯದ ಎಲ್ಲ ಅಂಗಿಗಳ ಕಾಲರೂ ಹಳದಿ. ಶಾಲೆಯಲ್ಲಿ ಮಾಸ್ತರರು ನನ್ನ ಬರೆಯುವ ಪಟ್ಟಿಯ ಪುಟ ತಿರುವಿ ಸೀನುತ್ತಿದ್ದರು. ಹಾಗಾಗಿ ಮೊಡೆಮಿನ ತಲೆಯ ಮೇಲೆ ಭಂಡಾರ ಕಂಡರೆ ನನಗೆ ವಿಶೇಷವೇನೂ ಅನ್ನಿಸಲಿಲ್ಲ. ಟವೆಲಿನಿಂದ ಮೇಲುಮೇಲೆ ಒರೆಸಿ ಮೇಜಿಗೆ ತರುತ್ತಿದ್ದೆ.

ತಂದು, ಕೇಬಲ್ಲು ಒತ್ತಿ ಕೂರಿಸಿ, ಸ್ವಿಚ್ಚು ಹಾಕಿದರೆ ಕೆಂಪು ದೀಪ ಹತ್ತುತ್ತಿತ್ತು. ಆಗ ಕೀಲಿಮಣೆಯಲ್ಲಿ ಏ, ಟಿ ಎಂಬ ಎರಡು ಅಕ್ಷರ ಒತ್ತಬೇಕು. ಅದು ಮೊಡೆಮನ್ನು ‘ಇದ್ದೀಯೇನಪ್ಪಾ’ ಎಂದು ಮಾತನಾಡಿಸುವ ರೀತಿ. ಇದ್ದರೆ ಅದು ‘ಓಕೆ’ ಎನ್ನುತ್ತದೆ. ನಾನು ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಊಹೂಂ. ದೀಪ ಹತ್ತುತ್ತಿದೆ, ಅಂದರೆ ಡಬ್ಬಿ ಸರಿಯಾಗಿದೆ, ಅಂದರೆ ತಪ್ಪು ಲಿನಕ್ಸಿನೊಳಗೇ ಇದೆ. ಲಿನಕ್ಸ್ ಬಳಸುವವರಿಗೆ ಇದೊಂದು ರೋಗ. ಮನೆಯ ಸೂರು ಸೋರಿದರೂ ಯಾವ ಫೈಲಿನಲ್ಲಿ ಯಾವ ಸಾಲು ತಿದ್ದಬೇಕು ಎಂದೇ ಹುಡುಕುತ್ತಾರೆ.

ನಾನೂ ತಿದ್ದಿದೆ. ಮೊಡೆಮ್ ಈ ಬಾಗಿಲಲ್ಲಿದೆ ಎಂದು ಕಂಪ್ಯೂಟರಿಗೆ ಹೇಳಿದೆ, ಆ ಬಾಗಿಲಲ್ಲಿದೆ ಎಂದೂ ಹೇಳಿದೆ, ಎರಡರಲ್ಲೂ ನೋಡು ಎಂದು ಅಂಗಲಾಚಿದೆ. ಲಿನಕ್ಸಿನ ಹೊಟ್ಟೆಯೊಳಗಿನದನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಲು ಹಚ್ಚಿದೆ. ಅದಕ್ಕೆ ಒಂದು ಇಡೀ ದಿನ ಬೇಕು, ಕರೆಂಟು ಅಷ್ಟು ಹೊತ್ತು ಇರುವುದಿಲ್ಲ. ಅರ್ಧ ಕಟ್ಟಿದ್ದು ಕುಸಿದು ಬೀಳುತ್ತಿತ್ತು, ನಾಳೆ ಮತ್ತೆ ಮೊದಲಿನಿಂದ. ಇಂಟರ್‌ನೆಟ್ ಬರಿಸುವುದು ಹೇಗೆಂದು ತಿಳಿಯಲು ಇಂಟರ್‌ನೆಟ್ಟಿಗೇ ಹೋಗಬೇಕು. ಹಾಗಾಗಿ ದಿನಕ್ಕೆ ನಾಲ್ಕು ಸಲ ಸೈಬರ್ ಕೆಫೆಗೆ ಓಡುವುದು, ಓದುವುದು, ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಮನೆಗೆ ಓಡುವುದು, ಆಗದೆ ಮತ್ತೆ ಕೆಫೆಗೆ ಓಡುವುದು. ಕೆಫೆಯವನು ನನ್ನನ್ನು ಕಂಡ ಕೂಡಲೇ ಕುರ್ಚಿ ಎಳೆದು ಕೊಡುತ್ತಿದ್ದ, ನಾನು ನಿಂತೇ ಓದುತ್ತಿದ್ದೆ. ಲಿನಕ್ಸಿನವರು ಮೇಲಿನಲ್ಲೇ ಮಾತಾಡಿಕೊಳ್ಳುವ ಒಂದು ಅಂಚೆ ಬಳಗಕ್ಕೆ ನನ್ನ ಕಷ್ಟ ಬರೆದೆ. ಒಬ್ಬ ಕೈಪಿಡಿ ಓದು ಎಂದ. ಇನ್ನೊಬ್ಬ ನೀನು ಹಾಕಿದ ಲಿನಕ್ಸೇ ಸರಿಯಿಲ್ಲ, ತಾನು ಹಾಕಿದ್ದನ್ನು ಹಾಕು ಎಂದ. ಅವರಿಬ್ಬರಿಗೂ ಜಗಳ ಹತ್ತಿ ನನ್ನ ಮೊಡೆಮ್ ಎಲ್ಲರಿಗೂ ಮರೆತುಹೋಯಿತು. ಮೂರನೆಯವನೊಬ್ಬ ಮಾತ್ರ, ಓಕೆ ಬಂದ ಮೇಲೆ ನಿನಗೆ ಮುಂದೆ ಈ ತೊಂದರೆ ಬರುತ್ತದೆ, ಆಗ ಹೀಗೆ ಮಾಡು ಎಂದು ಒಂದು ಸಾಲು ಬರೆದಿದ್ದ. ಓಕೆಯೇ ಬಾರದವನಿಗೆ ಅದರಿಂದೇನು ಎಂದು ನಾನು ಸಿಟ್ಟಾದೆ.

ಅಪ್ಪನಿಗೂ ಒಂದು ದಿನ ಕನಿಕರ ಬಂತು. ಏನು ತೊಂದರೆ ಎಂದು ಕೇಳಿದ. ಕಂಪ್ಯೂಟರು ಮೊಡೆಮನ್ನು ಗುರುತು ಹಿಡಿಯುತ್ತಿಲ್ಲ ಎಂದೆ. ಅಪ್ಪನಿಗೆ ಅದು ಪೂರ್ತಿ ಅರ್ಥವಾಯಿತು. ಕೆಲವು ಕುರಿಗಳು ತಾವು ಈದ ಮರಿಯನ್ನೇ ಮೂಸಿ ಒದೆಯುತ್ತವೆ. ಅದಕ್ಕೆ ಔಷಧವೆಂದರೆ ತಾಯಿಯ ಹಾಲನ್ನೇ ಕರೆದು ಮರಿಯ ಮೈಗೆಲ್ಲ ಸವರಿ, ಎರಡನ್ನೂ ಇಕ್ಕಟ್ಟು ಜಾಗದಲ್ಲಿ ಕೂಡಿಹಾಕುವುದು. ತನ್ನದೇ ವಾಸನೆ ಬಂದ ಮೇಲೆ ತಾಯಿ ಒಪ್ಪಿಕೊಳ್ಳುತ್ತದೆ. ಕಂಪ್ಯೂಟರಿನಿಂದ ಕರೆಯುವಂಥದ್ದು ಏನಾದರೂ ಇದೆಯೇ ಎಂದು ಅಪ್ಪ ಗಂಭೀರವಾಗಿ ವಿಚಾರಿಸಿದ. ಇಲ್ಲ ಎಂದೆ. ಹಾಗಾದರೆ ಕಷ್ಟ ಎಂದು ತಲೆಯಾಡಿಸಿ ಹೊಲಕ್ಕೆ ಹೋದ.

ಈ ನಡುವೆ ತಡೆಯಲಾಗದೆ ಉದಗೀರಕ್ಕೆ ಫೋನ್ ಮಾಡುತ್ತಿದ್ದೆ. ಫೋನು ಮಾವನ ಮಂಚದ ತಲೆದೆಸೆಯಲ್ಲಿ ಇತ್ತು. ಎತ್ತುವವರು ಅವರೇ. ಉಮರ್ಗಾದಲ್ಲಿ ಮಳೆ ಹೇಗೆ ಎಂದು ಕೇಳುತ್ತಿದ್ದರು, ಹೇಳುತ್ತಿದ್ದೆ. ಉದಗೀರದಲ್ಲಿ ಹೇಗೆ ಎಂದು ನಾನು ಕೇಳುತ್ತಿದ್ದೆ, ಜಳಕೋಟದ ಕಡೆಗೂ ಹೇಗೆ ಎಂದು ಅವರು ಸೇರಿಸಿ ಹೇಳುತ್ತಿದ್ದರು. ಆಮೇಲೆ ಇಬ್ಬರಿಗೂ ಮಾತು ಮುಗಿಯುತ್ತಿತ್ತು. ಆ ವರ್ಷದ ಮಳೆಯ ಬಗ್ಗೆ ಹವಾಮಾನ ಇಲಾಖೆಯವರಿಗೆ ಏನಾದರೂ ಬೇಕಿದ್ದರೆ ನನ್ನನ್ನು ಕೇಳಬಹುದಿತ್ತು.

ಆಷಾಢ ಮುಕ್ಕಾಲು ಕಳೆದಿರಬೇಕು. ಒಂದು ಮಧ್ಯಾಹ್ನ ಫೋನು ಬಂತು, ಸವಿತಾಳದು. ತಾನು ಮೊದಲು ಕಲಿಸುತ್ತಿದ್ದ ಕ್ಲಾಸಿನಿಂದ ಮಾಡಿದ್ದಳು. ಮೇಲ್ ಬಂದಿಲ್ಲ ಎಂದಳು. ನಾನು ಒಂದೇ ಉಸುರಿಗೆ ನನ್ನ ಇಡೀ ಪುರಾಣ ಒದರಿದೆ. ಎಲ್ಲ ಕೇಳಿ, ಆ ಡಬ್ಬಿ ತೆಗೆದುಕೊಂಡು ಬರುವ ರವಿವಾರ ನಿಲಂಗಾಕ್ಕೆ ಬನ್ನಿ, ನಾನೇ ನೋಡುತ್ತೇನೆ ಎಂದಳು. ಗೆಳತಿಯ ಮನೆಗೆಂದು ಹೇಳಿ ಅವಳೂ ಬರುತ್ತಾಳಂತೆ. ನಾನು ಫೋನು ಹಿಡಿದುಕೊಂಡೇ ತಂತಿ ಎಳೆದಷ್ಟು ದೂರ ಓಡಾಡಿದೆ. ಆದರೂ ಬೀರಪ್ಪನ ಒಕ್ಕಲಿನ ಬಾಯಿ, ಆಷಾಢದಾಗ ಹ್ಯಾಂಗ ಭೆಟ್ಟಿ ಆಗೂದು ಎಂದು ಕೇಳಿಬಿಟ್ಟಿತು.

“ಬಸ್ ಸ್ಟ್ಯಾಂಡಿಗಿ ಹೊಸ್ತಿಲ ಅದೇನ್ರೀ?” ಎಂದಳು.

ನಿಲಂಗಾ ನಮ್ಮಿಬ್ಬರ ಊರಿಗೂ ನಡುವೆ ಬರುತ್ತದೆ. ನಾನು ಅಲ್ಲಿ ಹೋಗಿ ಇಳಿದದ್ದು ಅವಳ ಬಸ್ಸು ಬರುವುದಕ್ಕಿಂತ ಎಷ್ಟೋ ಮೊದಲು. ಉದಗೀರದಿಂದ ಬಂದ ಪ್ರತಿ ಬಸ್ಸಿನ ಕಿಟಕಿಯಲ್ಲೂ ಮುಖ ಹಾಕಿ, ಯಾರೋ ಹೆಂಗಸಿನಿಂದ ಬೈಸಿಕೊಂಡು, ಕೊನೆಗೆ ಸವಿತಾ ಇಳಿದಾಗ ಅವಳ ಬೆನ್ನ ಹಿಂದೆ ಬೇರೆ ಬಸ್ಸು ನೋಡುತ್ತಿದ್ದೆ. ಅವಳೇ ಬಂದು ಚೀಲ ಎಳೆದಳು. ಇಬ್ಬರೂ ಸಿಮೆಂಟಿನ ಬೆಂಚಿನ ಮೇಲೆ ಕೂತೆವು, ಊರಿನವರು ಯಾರಾದರೂ ಕಂಡರೆ ಪರಿಚಯವೇ ಇಲ್ಲದವರು ಎನ್ನಿಸುವಷ್ಟು ದೂರದಲ್ಲಿ, ನಡುವೆ ಮೊಡೆಮ್ ಇಟ್ಟುಕೊಂಡು.

ಅವಳು ನನ್ನ ವಿವರಣೆ ಕೇಳಲಿಲ್ಲ. ಡಬ್ಬಿಯನ್ನು ಕೈಗೆತ್ತಿಕೊಂಡು ಬೆನ್ನು ತಿರುಗಿಸಿ ನೋಡಿದಳು. ಬೆರಳಿನಿಂದ ಒರೆಸಿ ಆ ಬೆರಳನ್ನು ಬೆಳಕಿಗೆ ಹಿಡಿದಳು. ಹಳದಿ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಒಂದು ತೂತಿಗೆ ಹಾಕಿ ತಿರುವಿದಳು. ಗಟ್ಟಿಯಾದ ಅರಿಸಿನದ ಸಣ್ಣ ಬತ್ತಿಯೊಂದು ಹೊರಗೆ ಬಂತು. ಇನ್ನೊಂದು ತೂತು, ಇನ್ನೊಂದು ಬತ್ತಿ. ಭಂಡಾರ, ಅದರ ಮೇಲೆ ಕಾಯಿಯ ನೀರು, ಅದರ ಮೇಲೆ ನಾನು ದಿನಾ ಗಿಡಿದು ಒತ್ತುತ್ತಿದ್ದ ಕೇಬಲ್ಲಿನ ಮುಳ್ಳುಗಳು. ಎಲ್ಲ ತೂತುಗಳೂ ಗಾರೆ ಹಾಕಿದ ಹಾಗೆ ತುಂಬಿದ್ದವು. ದೀಪಕ್ಕೆ ಕರೆಂಟು ಬೇರೆ ತಂತಿಯಲ್ಲಿ ಬರುತ್ತಿತ್ತು, ಅದಕ್ಕೇ ಹತ್ತುತ್ತಿತ್ತು. ನಾನು ಲಿನಕ್ಸಿನ ಕರುಳು ಬಗೆಯುತ್ತಿದ್ದಾಗ ನನ್ನ ಮಾತು ಆ ಡಬ್ಬಿಯ ಬಾಗಿಲ ತನಕವೂ ಹೋಗುತ್ತಿರಲಿಲ್ಲ.

ಇದು ಹೇಗೆ ಬಂತು ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಸಿಡಿಲು, ದೇವರ ಗೂಡು, ಹಿಡಿ ಹಿಡಿ ಭಂಡಾರ ಎಲ್ಲ ಹೇಳಿದೆ.

“ಅವ್ವ ದಿನಾ ಇದಕ್ಕ ಪೂಜಿ ಮಾಡ್ತಾಳ. ಸೊಸಿ ಬರ್ಲಿ ಅಂತ ಬೀರಪ್ಪಗ ಬೇಡ್ಕೋತಾಳ. ಒಂದು ದಿನಾ ತಪ್ಪಿಸಿಲ್ಲ ನೋಡು.”

ನಾನು ನಕ್ಕೆ. ಸವಿತಾ ನಗಲಿಲ್ಲ. ನಿಮ್ಮವ್ವ ಹಾಗಂತ ಬಾಯಿಬಿಟ್ಟು ಬೇಡಿಕೊಳ್ಳುತ್ತಾಳೇನು ಎಂದು ಕೇಳಿದಳು. ನಮ್ಮವ್ವ ಮಾತಾಡುವುದು ಆ ಗೂಡಿನ ಮುಂದೆ ಮಾತ್ರ ಎಂದೆ. ಅವಳು ತಲೆ ಬಗ್ಗಿಸಿ ಒಂದೊಂದೇ ತೂತು ಬಿಡಿಸುತ್ತ ಕೂತಳು. ಮುಗಿದ ಮೇಲೆ, ಕಾಗದದ ಮೇಲೆ ಬಿದ್ದಿದ್ದ ಹಳದಿ ಪುಡಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ಬಸ್ ಸ್ಟ್ಯಾಂಡು ಹೊಲಸಾಗಬಾರದು ಎಂದಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಉದಗೀರದ ಬಸ್ಸು ಬಂತು. ಬರ್ತೀಯೇನು ಎಂದು ಕೇಳಬೇಕೆಂದು ಬಾಯಿ ತೆರೆದೆ, ಅವಳು ಆಗಲೇ ಹತ್ತಿಬಿಟ್ಟಿದ್ದಳು. ಕಿಟಕಿಯಿಂದ ಬಗ್ಗಿ ಒಂದೇ ಮಾತು ಹೇಳಿದಳು, ನಿಮ್ಮವ್ವಗ ಇದೇನೂ ಹೇಳಬ್ಯಾಡ್ರಿ ಎಂದು.

ಮರಳುವ ದಾರಿಯಲ್ಲಿ ನನ್ನ ತಲೆ ಗಿರಣಿಯಾಗಿತ್ತು. ಸಿಟ್ಟಾದಳೇ? ವಾರಗಟ್ಟಲೆ ಅರಿಸಿನ ಮೆತ್ತಿದ ಡಬ್ಬಿಯ ಮುಂದೆ ಕೂತವನ ಜೊತೆ ಎಂಥ ಬಾಳು ಎಂದುಕೊಂಡಳೇ? ಇಂಥ ಮನೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆದ ಹಾಗೇ ಎಂದುಕೊಂಡಿದ್ದರೆ ಅದೂ ತಪ್ಪಲ್ಲ. ಬಸ್ಸು ನಿಧಾನವಾಗಿ ಹೋಗುತ್ತಿದೆ ಎಂದು ಡ್ರೈವರನಿಗೆ ಹೇಳಿ ನೋಡಿದೆ. ಅವನು ಕೇಳಿಸಿಕೊಂಡವನ ಹಾಗೆ ತೋರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಬಲ್ಲು ಕೂರಿಸಿದೆ. ಏ, ಟಿ ಒತ್ತಿದೆ. ‘ಓಕೆ’ ಎಂದಿತು. ನಂಬಿಕೆ ಬಾರದೆ ಮತ್ತೆ ಮತ್ತೆ ಒತ್ತಿದೆ. ಒತ್ತಿದಷ್ಟು ಸಲವೂ ಓಕೆ. ಫೋನಿನ ತಂತಿ ಚುಚ್ಚಿ ನಂಬರು ತಿರುಗಿಸು ಎಂದೆ. ಈಗ ಹೊಸ ತಕರಾರು: ಫೋನಿನಲ್ಲಿ ಟೋನೇ ಇಲ್ಲ ಎಂದಿತು. ನನ್ನ ಕಿವಿಗೆ ಚೆನ್ನಾಗಿ ಕೇಳುತ್ತಿರುವ ಟೋನು ಅದರ ಪರದೇಶಿ ಕಿವಿಗೆ ಟೋನೇ ಅಲ್ಲ. ಆಗ ಅಂಚೆ ಬಳಗದ ಆ ಮೂರನೆಯ ಪುಣ್ಯಾತ್ಮ ಬರೆದ ಸಾಲು ನೆನಪಾಯಿತು. ಟೋನಿಗೆ ಕಾಯಬೇಡ, ಸುಮ್ಮನೆ ತಿರುಗಿಸು ಎಂಬ ಆಜ್ಞೆ ಅದು. ಕಾಯದೆ ಮಾಡುವ ಕೆಲಸವಾದರೆ ನನಗೆ ಹೇಳಿ ಮಾಡಿಸಿದ್ದು. ಆಜ್ಞೆ ಕೊಟ್ಟೆ. ಟುಂಯ್ ಟುಂಯ್, ಆಮೇಲೆ ಕೀರಲು, ಆಮೇಲೆ ಗರಗರ. ಅವ್ವ ಅಡಿಗೆ ಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಹೊರಗೆ ಹಗ್ಗ ಹೊಸೆಯುತ್ತಿದ್ದ ಅಪ್ಪ ತಲೆ ಎತ್ತದೆ, ಮರಿಗೆ ತಾಯಿ ಸಿಕ್ಕಿತು ಎಂದ.

ಒಂದು ತಿಂಗಳಿನಿಂದ ಮನಸ್ಸಿನಲ್ಲೇ ಬರೆದು ಬರೆದು ತಿದ್ದಿದ ಮೇಲ್, ಬರೆಯಲು ಕೂತಾಗ ಒಂದು ಸಾಲೂ ನೆನಪಿಲ್ಲ. ಕೊನೆಗೆ ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ: ಮೊಡೆಮ್ ನಡೀಲತ್ತದ, ನೀ ಬಾ. ಕಳಿಸಿದೆ. ಕಳಿಸಿದ ಮರುಗಳಿಗೆಯಿಂದ ಉತ್ತರಕ್ಕೆ ಕಾಯತೊಡಗಿದೆ. ನಮ್ಮ ಫೋನು ಸದಾ ಎಂಗೇಜು ಎಂದು ಬೀಗರು ಬಂಧುಗಳೆಲ್ಲ ಬೈದರು. ಸಂಜೆ ಮೊಡೆಮ್ ಎಂದಿನಂತೆ ದೇವರ ಗೂಡಿಗೆ ಹೋಗುತ್ತಿತ್ತು. ನಾನು ತಂಪು ಹತ್ತುತ್ತದೆ ಎಂದು ನೆಪ ಹೇಳಿ ಅದರ ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆ. ಅವ್ವ ಭಂಡಾರ ಬಿಡಲಿಲ್ಲ.

ಉತ್ತರ ಬರಲಿಲ್ಲ. ಅಮಾವಾಸ್ಯೆ ಕಳೆಯಿತು, ಆಷಾಢ ಮುಗಿಯಿತು, ಶ್ರಾವಣ ಹೊಕ್ಕಿತು. ಓಣಿಯ ಬೇವಿನ ಗಿಡಗಳಿಗೆ ಪಂಚಮಿಯ ಜೋಕಾಲಿ ಕಟ್ಟಿದರು. ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿಳಿಯುತ್ತಿದ್ದರು. ನಾನು ಉದಗೀರಕ್ಕೆ ಫೋನ್ ಮಾಡಿದೆ. ಮಳೆ ಜೋರಾಗಿದೆ ಎಂದರು ಮಾವ. ಸವಿತಾ ಹೇಗಿದ್ದಾಳೆ ಎಂದು ಧೈರ್ಯ ಮಾಡಿ ಕೇಳಿದೆ. ಕ್ಲಾಸಿಗೆ ಹೋಗಿದ್ದಾಳೆ ಎಂದರು. ಕ್ಲಾಸಿಗೆ! ಫೋನು ಇಟ್ಟವನು ಅಂಗಳದಲ್ಲಿ ಎಷ್ಟು ಹೊತ್ತು ತಿರುಗಿದೆನೋ ಗೊತ್ತಿಲ್ಲ, ಕುರಿಗಳೂ ನನ್ನ ಜೊತೆ ಕುತ್ತಿಗೆ ತಿರುಗಿಸಿ ತಿರುಗಿಸಿ ದಣಿದವು. ನನ್ನ ಮೇಲ್ ಓದಿಯೂ ಕ್ಲಾಸಿಗೆ ಹೋಗುತ್ತಿದ್ದಾಳೆ ಎಂದರೆ ಇನ್ನು ಕೇಳುವುದೇನು ಉಳಿಯಿತು ಎಂದು ದುಃಖವಾಯಿತು.

ಪಂಚಮಿಯ ಹಿಂದಿನ ದಿನ ಇಳಿಹೊತ್ತಿಗೆ ಮನೆಯ ಮುಂದೆ ಆಟೋ ನಿಂತಿತು. ಸವಿತಾ ಇಳಿದಳು. ಜೊತೆಗೆ ಟ್ರಂಕು, ಕ್ಲಾಸಿನ ಪುಸ್ತಕಗಳ ಒಂದು ಗಂಟು. ಅವ್ವ ಬಾಗಿಲಲ್ಲಿ ನಿಂತುಬಿಟ್ಟಳು, ಪಂಚಮಿ ಬಿಟ್ಟು ಬಂದಿಯೇನವ್ವಾ ಎಂದಷ್ಟೇ ಕೇಳಿ, ಕಾಲಿಗೆ ನೀರು ತರಲು ಒಳಗೆ ಓಡಿದಳು. ನಾನು ಟ್ರಂಕು ಇಳಿಸುವ ನೆಪದಲ್ಲಿ ಹತ್ತಿರ ಹೋಗಿ, ಮೇಲ್ ಸಿಕ್ಕಿತೇನು ಎಂದು ಕೇಳಿದೆ. ಯಾವ ಮೇಲು ಎಂದಳು. ನಿಲಂಗಾದಿಂದ ಹೋದ ದಿನದಿಂದ ಉದಗೀರದ ಕ್ಲಾಸಿನಲ್ಲಿ ಮಳೆಗೆ ಲೈನೇ ಕೆಟ್ಟು ಕೂತಿದೆಯಂತೆ. ಅವಳು ಕ್ಲಾಸಿಗೆ ಹೋಗುತ್ತಿದ್ದದ್ದು ತನ್ನ ಪುಸ್ತಕ ಜೋಡಿಸಿಕೊಳ್ಳಲು. ನನ್ನ ಮೇಲನ್ನು ಅವಳು ನೋಡಿಯೇ ಇರಲಿಲ್ಲ. ಹಾಗಾದರೆ ಬಂದದ್ದು ಯಾಕೆ ಎಂದು ಕೇಳಬೇಕೆನ್ನಿಸಿತು. ಕೇಳಿದರೆ ಎಲ್ಲಿ ಮತ್ತೆ ಹೋಗುತ್ತಾಳೋ ಎಂದು ಹೆದರಿ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಗೂಡಿನ ಮುಂದೆ ನಿಂತು ಬೀರಪ್ಪನಿಗೆ ಭಂಡಾರ ಹಾಕಿದಳು. ಆಮೇಲೆ ಮತ್ತೊಂದು ಹಿಡಿ ತುಂಬಿ ಮೊಡೆಮಿನ ಕಡೆ ಕೈ ಎತ್ತಿದಳು. ಸ್ನಾನ ಮುಗಿಸಿ ಬಂದ ಸವಿತಾ ಆ ಕೈ ಹಿಡಿದಳು.

“ಅತ್ತಿ, ಅದಕ್ಕ ಬ್ಯಾಡ್ರಿ. ನನ್ನ ಹಣಿಗಿ ಹಚ್ಚರಿ. ಬಂದೀನಲ್ಲ.”

ಅವ್ವ ಕೈ ಇಳಿಸಿದಳು. ಮೊಡೆಮಿನ ಬೆನ್ನಿಗೆ ನಾನು ಕಟ್ಟಿದ್ದ ಪ್ಲಾಸ್ಟಿಕ್ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ತಿರುಗಿದೆ. ಅವ್ವನಿಗೆ ಹೇಳುವ ಅಗತ್ಯವೇ ಬೀಳಲಿಲ್ಲ.

“ಹಂಗಾರ ಇಷ್ಟು ದಿನಾ ನನ್ನ ಭಂಡಾರನೇ ಅಡ್ಡ ಆಗಿತ್ತೇನವ್ವಾ?” ಎಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಇಲ್ಲರೀ ಅತ್ತಿ,” ಎಂದಳು ಸವಿತಾ. “ಆ ಭಂಡಾರ ನೋಡೇ ನಾ ಬಂದೀನಿ.”

ಅವ್ವ ಹಿಡಿಯನ್ನು ಮತ್ತೆ ಎತ್ತಿದಳು. ಚಿಟಿಕೆ ಗೊತ್ತಿಲ್ಲದ ಕೈ ಹಣೆಗೆ ಹಚ್ಚಲು ಹೋಗಿ, ಭಂಡಾರ ಸವಿತಾಳ ಮೂಗು, ಕೆನ್ನೆ, ಹೊಸ ಸೀರೆಯ ಮೇಲೆಲ್ಲ ಬಿತ್ತು. ಸವಿತಾ ಅದನ್ನು ಒರೆಸಿಕೊಳ್ಳಲಿಲ್ಲ.